ಓಕ್ಲಹೋಮ ತಪ್ಪಿಸುವ ದಾರಿ

ನಾನು ಯಾರ ಮನೆ ವಿಷಯಕ್ಕೂ ಹೋಗುವವಳಲ್ಲ. ಆದರೆ ಈ ಪರದೇಶದ ಊರು ಫೆಲ್ಥಮ್‌ನ ಫ್ಲ್ಯಾಟುಗಳ ಗೋಡೆ ಎಷ್ಟು ತೆಳು ಎಂದರೆ, ವಿಷಯವೇ ನನ್ನ ಮನೆಗೆ ಬರುತ್ತದೆ.

೧. ಮಿಡಿ ಉಪ್ಪಿನಕಾಯಿ

ಪಕ್ಕದ ಫ್ಲ್ಯಾಟಿನ ಗಂಡಹೆಂಡತಿ ನಮ್ಮ ಕುಂದಾಪುರದ ಕಡೆಯವರು. ಗಂಡನಿಗೆ ಏರ್‌ಪೋರ್ಟಿನಲ್ಲಿ ಕೆಲಸ. ಈ ಸಲದ ರಜೆಗೆ ಅಮೆರಿಕಕ್ಕೆ ಹೋಗಿ, ಎಂಟು ರಾಜ್ಯ ದಾಟುವ ಹೆದ್ದಾರಿಯಲ್ಲಿ ಕಾರು ಓಡಿಸುತ್ತಾರಂತೆ. ನನ್ನ ತಂಗಿಯೂ ಅಮೆರಿಕದಲ್ಲಿ ಮಗನ ಮನೆಯಲ್ಲಿದ್ದಾಳೆ. ಯಾವ ರಾಜ್ಯವೋ, ಹೆಸರು ನನ್ನ ಬಾಯಲ್ಲಿ ನಿಲ್ಲುವುದಿಲ್ಲ. ಮೊಮ್ಮಗಳ ಕೈಲಿ ವಿಳಾಸ ಬರೆಸಿ ಅಂಟಿಸಿದ ಉಪ್ಪಿನಕಾಯಿ ಡಬ್ಬಿಯನ್ನು ಪಕ್ಕದ ಮನೆಯವನ ಕೈಗಿಟ್ಟೆ.

"ದಾರಿಯಲ್ಲಿ ಸಿಕ್ಕಿದ್ರೆ ಕೊಡ್ತೆ, ದೊಡ್ಡಮ್ಮ."

"ಸಿಗದೆ ಎಂತ? ಬಾಗಿಲಲ್ಲೇ ನಿಂತಿರ್ತಾಳೆ. ಹೋದವರನ್ನ ನಾಲ್ಕು ದಿನ ಬಿಡುವವಳಲ್ಲ" ಎಂದೆ.

ಸಂತೋಷಕ್ಕೆ ಪಾಪ, ಅವನ ಬಾಯಿಯೇ ಕಟ್ಟಿಹೋಯಿತು.

೨. ಬಾಗಿದ ಗೆರೆ

ಆದಿತ್ಯವಾರ ಬೆಳಿಗ್ಗೆ ಹೆಂಡತಿ ಮೊಬೈಲ್ ಹಿಡಿದು ಬಂದಳು. ಮುಖ ಊದಿಕೊಂಡಿತ್ತು.

"ನೋಡಿ ದೊಡ್ಡಮ್ಮ, ಇವರು ಹಾಕಿದ ದಾರಿ. ಅರ್ಕನ್ಸಾ ತನಕ ನೆಟ್ಟಗೆ ಹೆದ್ದಾರಿ. ಮುಂದೆ ಓಕ್ಲಹೋಮ. ಅದನ್ನ ಬಿಟ್ಟು ಕೆಳಗೆ ಟೆಕ್ಸಾಸಿಗೆ ಇಳಿದು, ಸುತ್ತು ಹಾಕಿ ಮತ್ತೆ ಅದೇ ಹೆದ್ದಾರಿ. ಎಂತಕ್ಕೆ ಅಂತ ಕೇಳಿದ್ರೆ ಮಾತೇ ಇಲ್ಲೆ."

ನಾನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆದರೂ ಗೆರೆ ಕಂಡರೆ ಗೊತ್ತಾಗುತ್ತದೆ.

"ಆ ರಾಜ್ಯದಲ್ಲಿ ಯಾರೋ ಇದ್ದಾಳೆ" ಎಂದೆ. "ಮದುವೆಗೆ ಮುಂಚಿನದ್ದು."

"ಸುಮ್ಮನೆ ಹೇಳ್ತ್ರಿಯಾ?"

"ರಸ್ತೆ ನೆಟ್ಟಗಿತ್ತು ಮಗಾ. ಗಂಡನನ್ನ ನೋಡಿಕೋ."

೩. ಯಾರವಳು?

ಸಂಜೆ ಗೋಡೆಯಾಚೆ ಸೂಟ್‌ಕೇಸ್ ಎಳೆದ ಸದ್ದು. ಸಕ್ಕರೆ ಕೇಳುವ ನೆವಕ್ಕೆ ಲೋಟ ಹಿಡಿದು ಓಡಿದೆ. ಗಂಡನ ಎದುರೇ ಅವಳು ತನ್ನ ಸೀರೆಗಳನ್ನು ಮಾತ್ರ ತುಂಬುತ್ತಿದ್ದಳು.

"ಅಮೆರಿಕಕ್ಕೆ ನೀವೊಬ್ರೇ ಹೋಗಿ. ನಾನು ಅಮ್ಮನ ಮನೆಗೆ ಹೋತೆ, ತಿರುಗಿ ಬತ್ತಿಲ್ಲೆ. ಓಕ್ಲಹೋಮದಲ್ಲಿ ಹೆಂಗಸು ಇದ್ದಾಳೋ ಇಲ್ಯೋ, ಅದೊಂದು ಹೇಳಿ."

ಅವನು ಬೆವರು ಒರೆಸಿಕೊಂಡ. "ಇದ್ದಾರೆ."

'ಇದ್ದಾರೆ' ಅಂತ ಮರ್ಯಾದೆ ಬೇರೆ. ನಾನು ಕುರ್ಚಿ ಎಳೆದು ಕೂತೆ. "ಪ್ರಾಯ ಎಷ್ಟು?" ನಾನೇ ಕೇಳಿದೆ.

"ಎಪ್ಪತ್ತರ ಹತ್ತಿರ." ಒಳಗೆ ಹೋಗಿ ನನ್ನ ಉಪ್ಪಿನಕಾಯಿ ಡಬ್ಬಿ ತಂದು, ವಿಳಾಸವನ್ನು ಹೆಂಡತಿಯ ಕಣ್ಣಿಗೆ ಹಿಡಿದ. "ದೊಡ್ಡಮ್ಮನ ತಂಗಿ. ಇಲ್ಲಿ ವರ್ಷವಿಡೀ ಇವರ ಮಾತು ಕೇಳ್ತೆ. ರಜೆಯಲ್ಲಿ ನಾಲ್ಕು ದಿನ ಅವರದ್ದೂ ಕೇಳೂದಾ?"

ಸೀರೆಗಳು ಒಂದೊಂದಾಗಿ ಸೂಟ್‌ಕೇಸಿನಿಂದ ಹೊರಗೆ ಬಂದವು. ಆಮೇಲೆ ಅವಳು ಮೊಬೈಲ್ ಎತ್ತಿಕೊಂಡು ಆ ಬಾಗಿದ ಗೆರೆಯನ್ನು ಇನ್ನೊಮ್ಮೆ ನೋಡಿದಳು.

"ಇಷ್ಟೇ ಸುತ್ತಾ?" ಎಂದು ಗಂಡನನ್ನು ಕೇಳಿದಳು. "ಇನ್ನೂ ಒಂದು ರಾಜ್ಯ ಸುತ್ತಿದ್ರೂ ಅಡ್ಡಿಲ್ಲೆ."