ನಮ್ಮತ್ತೆ ನೋಡಿದ ಒಂದೇ ಒಂದು ಇಂಗ್ಲಿಷ್ ಪಿಚ್ಚರು

ಇಂಗ್ಲಿಷ್ ಸಿನಿಮಾಗಳ ವಿಷಯದಲ್ಲಿ ನಮ್ಮ ಸೋದರತ್ತೆಯಷ್ಟು ತಿಳಿದವರು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕುಗಳನ್ನು ಜಾಲಾಡಿದರೂ ಸಿಗುವುದಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ಅವರೇ ಹೇಳುತ್ತಾರೆ. ಈ ಎಪ್ಪತ್ತರ ವಯಸ್ಸಿನವರೆಗೆ ಅವರು ನೋಡಿರುವ ಇಂಗ್ಲಿಷ್ ಸಿನಿಮಾ ಒಂದೇ ಒಂದು. ಅದನ್ನೂ ಒಂದೇ ಸಲ. ಅವರಿಗೆ ಇಂಗ್ಲಿಷ್ ಬರುತ್ತದೆಯೇ ಎಂದು ಕೇಳುತ್ತೀರಾ? ಅಯ್ಯೋ, ಬಂದಿದ್ದರೆ ನಾನು ಇದನ್ನು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ!

ಮದುವೆಯಾಗಿ ಎರಡು ವರ್ಷವಾಗಿದ್ದಾಗ ಮಾವ ಅವರನ್ನು ಶೆಟ್ಟಿಕೆರೆಯಲ್ಲಿ ಬಸ್ಸು ಹತ್ತಿಸಿ, ತಿಪಟೂರಿನ ಟಾಕೀಸಿಗೆ ಕರೆದುಕೊಂಡು ಹೋಗಿದ್ದರಂತೆ. ಆ ಚಿತ್ರ ಅಲ್ಲಿ ಮೂರೇ ದಿನ ಓಡಿ, ನಾಲ್ಕನೆಯ ದಿನ ಭಕ್ತಿಪ್ರಧಾನ ಚಿತ್ರವೊಂದಕ್ಕೆ ಜಾಗ ಬಿಟ್ಟುಕೊಟ್ಟಿತು. ಕುದುರೆ, ಪಿಸ್ತೂಲು, ಕಣ್ಣಿಗೆ ಮಣ್ಣು ತುಂಬುವಷ್ಟು ಧೂಳು. ಇವೆಲ್ಲದರ ನಡುವೆ ಕಿವಿ ಹರಿಯುವ ಹಾಗೆ ಗಿಟಾರು, ಡ್ರಮ್ಮು. ನಾಯಕನ ಜಾಗದಲ್ಲಿ ಒಬ್ಬ ಹೆಂಗಸು. ನಮ್ಮ ಕಡೆ ದೇವರ ಬಸವನ ಮೇಲೆ ನಗಾರಿ ಹೇರುವ ಹಾಗೆ ಕುದುರೆಯ ಎರಡೂ ಪಕ್ಕಕ್ಕೆ ಡ್ರಮ್ಮು ಹೇರಿಕೊಂಡು ಬರುತ್ತಾಳೆ. ಒಂದು ಕೈಯಲ್ಲಿ ಬಾರಿಸುತ್ತಾಳೆ, ಇನ್ನೊಂದು ಕೈಯಲ್ಲಿ ಸುಡುತ್ತಾಳೆ.

"ಇದಕ್ಕೆ ರಾಕ್ ಸಂಗೀತ ಅಂತಾರೆ ಅತ್ತೆ. ರಾಕ್ ಅಂದ್ರೆ ಬಂಡೆ" ಎಂದು ನಾನು ಒಮ್ಮೆ ಪಾಂಡಿತ್ಯ ತೋರಿಸಿದೆ. ನಾನು ತಿಪಟೂರಿನಲ್ಲಿ ಕಾಲೇಜು ಹುಡುಗರಿಗೆ ಇಂಗ್ಲಿಷ್ ಪಾಠ ಮಾಡುವವನು, ಚಟ ಬಿಡುವುದಿಲ್ಲ.

"ಅದುಕ್ಕೇ ಮತ್ತೆ! ತಲೆ ಮ್ಯಾಲೆ ಬಿದ್ದಂಗೇ ಇತ್ತು" ಎಂದರು ಅತ್ತೆ.

ಬಿದ್ದ ಬಂಡೆ ಮತ್ತೆ ಏಳಲಿಲ್ಲ. ಮೊದಲ ಬಲಿ ಮಾವನ ಕಂಬಳಿ. ಚಿಕ್ಕನಾಯಕನಹಳ್ಳಿಯಿಂದ ಆಸೆಪಟ್ಟು ತಂದಿದ್ದ ಹೊಸ ಕಂಬಳಿಯ ನಟ್ಟನಡುವೆ ಅತ್ತೆ ಕತ್ತರಿ ಆಡಿಸಿ, ತಲೆ ತೂರುವಷ್ಟು ತೂತು ಮಾಡಿ, ಆ ಸಿನಿಮಾದವಳ ಹಾಗೆ ಮೈಮೇಲೆ ಇಳಿಬಿಟ್ಟುಕೊಂಡು ತೋಟಕ್ಕೆ ಹೋದರು. ಇದಾವುದೂ ತಿಳಿಯದ ಮಾವ ಅಂದು ಅದನ್ನೇ ಹೊದ್ದು ಮಲಗಿದರು. "ಚಳಿ ಎಲ್ಲಿಂದ ಬತ್ತೈತೆ ಅಂತ ಬಾಗ್ಲು ನೋಡ್ದೆ, ಕಿಟಕಿ ನೋಡ್ದೆ. ಕೊನೆಗೆ ನೋಡಿದ್ರೆ ಹೊಟ್ಟೆ ಮ್ಯಾಲಿಂದ್ಲೇ ಬತ್ತಿತ್ತು ಕಣಪ್ಪ!" ಎಂದು ಮಾವ ಇಂದಿಗೂ ನೆನೆಯುತ್ತಾರೆ.

ಕೋತಿಗಳ ಕಥೆ ಇನ್ನೂ ಸ್ವಾರಸ್ಯ. ನಮ್ಮ ಸೀಮೆಯಲ್ಲಿ ಕೋತಿಗಳು ಎಳನೀರು ಕುಡಿಯುವ ಠೀವಿ ನೋಡಿದರೆ ತೋಟ ಅವುಗಳದ್ದು, ನಾವು ಕಾವಲಿಗಿದ್ದೇವೆ ಅನ್ನಿಸುತ್ತದೆ. ಊರವರು ಪಟಾಕಿ ಹೊಡೆದರು, ಹುಲಿ ಬೊಂಬೆ ನಿಲ್ಲಿಸಿದರು. ಕೋತಿಗಳು ಹುಲಿಯ ತಲೆಯ ಮೇಲೆ ಕೂತು ಹೇನು ಹೆಕ್ಕಿದವು. ಅತ್ತೆ ಮಾತ್ರ ನಾಲ್ಕು ಖಾಲಿ ಎಣ್ಣೆ ಡಬ್ಬ ಬೋರಲು ಹಾಕಿಕೊಂಡು, ಎರಡು ಸೀಬೆ ಕಡ್ಡಿ ಹಿಡಿದು, ಆ ಸಿನಿಮಾದವಳ ಹಾಗೆಯೇ ತೊಟ್ಟಿದ್ದ ಗಂಬೂಟು ಕಾಲನ್ನು ನೆಲಕ್ಕೆ ಕುಟ್ಟುತ್ತಾ ಬಾರಿಸತೊಡಗಿದರು. ಅದು ತಮಟೆಯಲ್ಲ, ಡೊಳ್ಳಲ್ಲ, ಯಾವ ತಾಳಕ್ಕೂ ಸಿಕ್ಕುವಂಥದ್ದಲ್ಲ! ಕೋತಿಗಳು ಒಂದು ಕ್ಷಣ ಒಂದರ ಮುಖ ಒಂದು ನೋಡಿದವು. ಮರುಕ್ಷಣ ಪಕ್ಕದ ತೋಟ ಸೇರಿದವು.

ಪಕ್ಕದ ತೋಟದವರು ಜಗಳಕ್ಕೆ ಬಂದರು. ಅತ್ತೆ ಬಾರಿಸುವುದನ್ನು ಎರಡು ನಿಮಿಷ ನಿಂತು ಕೇಳಿದರು. ಆಮೇಲೆ ಕೈಮುಗಿದು, "ಅಕ್ಕಾ, ನಮ್ ತೋಟಕ್ಕೂ ಬಂದು ಒಂದು ಹಾಡು ಹೇಳ್ಬುಡಿ" ಎಂದರು.

ಗಂಬೂಟು ಅಂದೆನಲ್ಲ, ಅದು ತೋಟಕ್ಕಷ್ಟೇ ಸೀಮಿತವಲ್ಲ. ಅರಳಗುಪ್ಪೆಯಲ್ಲಿ ನಮ್ಮ ನೆಂಟರ ಮದುವೆಗೆ ಅತ್ತೆ ರೇಷ್ಮೆ ಸೀರೆಯ ಕೆಳಗೆ ಅದನ್ನೇ ತೊಟ್ಟು ಬಂದಿದ್ದರು. ಗಂಡಿನ ಕಡೆಯ ಒಬ್ಬಾತ ಕಿಸಕ್ಕನೆ ನಕ್ಕು, "ಯಾಕಜ್ಜಿ, ಕಾಲಿಗೆ ಏನಾಗಿದೆ?" ಎಂದ. ಅತ್ತೆ ಕಣ್ಣು ಕಿರಿದು ಮಾಡಿಕೊಂಡು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದರು: "ನನ್ ಕಾಲಿಗೇನೂ ಆಗಿಲ್ಲ ಕಣಪ್ಪ. ಇನ್ನು ಆಗೋದೇನಿದ್ರೂ ನಿನ್ ಕಾಲಿಗೇ." ಆತ ಅತ್ತೆ ಉಂಡು ಎದ್ದುಹೋದ ಮೇಲೆ, ಮೂರನೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತನೆಂದು ಕೇಳಿದೆ.

ಕಿಬ್ಬನಹಳ್ಳಿ ಕ್ರಾಸಿನಲ್ಲಂತೂ ಬಸ್ಸು ನಿಲ್ಲಿಸಲಿಲ್ಲವೆಂದು, ಮುಂದಿನ ಬಸ್ಸಿಗೆ ರಸ್ತೆಯ ನಡುವೆಯೇ ಕಾಲು ಅಗಲಿಸಿ, ಸೊಂಟದ ಎರಡೂ ಕಡೆ ಕೈ ಇಳಿಬಿಟ್ಟು ನಿಂತರು. ಬಸ್ಸು ಕಿರುಗುಟ್ಟಿ ನಿಂತಿತು. ಕಂಡಕ್ಟರು ಇಳಿದು ಬಂದು, "ಏನಜ್ಜಿ, ಸಾಯಕ್ಕೆ ಬಂದಿದ್ದೀಯಾ?" ಎಂದು ಗದರಿದ.

"ಸಾಯೋರು ಯಾರು ಅಂತ ಆಮೇಲೆ ನೋಡಾನ. ಮೊದ್ಲು ಹಿಂದ್ಲ ಬಾಗ್ಲು ತೆಗಿ. ನಮ್ಮ ಯಜಮಾನ್ರಿಗೆ ಮಂಡಿನೋವು."

ಆ ಯಜಮಾನರು ಎರಡು ಚೀಲ ಹಿಡಿದು, ಈ ಹೆಂಗಸು ಯಾರೋ ನನಗೆ ಗೊತ್ತೇ ಇಲ್ಲ ಎನ್ನುವ ಹಾಗೆ ಎಳನೀರು ಅಂಗಡಿಯ ಬೋರ್ಡು ಓದುತ್ತಿದ್ದರು.

ಇನ್ನು ಆ ಸಿನಿಮಾದ ಕಥೆ. ಅತ್ತೆಯ ಬಾಯಲ್ಲಿ ನಮ್ಮ ವಂಶದ ಮಕ್ಕಳೆಲ್ಲ ಅದನ್ನು ಕೇಳಿಯೇ ಬೆಳೆದವರು. ಕುದುರೆಯವಳು ಆ ಊರಿನ ಸೊಸೆ. ಜೊತೆಗೆ ಗಿಟಾರು ಹಿಡಿದು ಬರುವ ಮೂವರು ಅವಳ ಮೈದುನಂದಿರು. ಗಾಜಿನ ಕಣ್ಣಿನ ಖಳನಾಯಕ ಇವರ ದೊಡ್ಡಪ್ಪನ ಮಗ. ಪಾಲು ಕೊಡದೆ ಬಾವಿಯನ್ನು ನುಂಗಿ ಕೂತಿದ್ದಾನೆ.

"ಅಲ್ಲ ಅತ್ತೆ, ಅಮೇರಿಕದವರ ನೆಂಟಸ್ತಿಕೆಯೆಲ್ಲ ನಿಮಗೆ ಹೆಂಗೆ ಗೊತ್ತಾಯ್ತು?"

"ನಂಗೇನ್ಲಾ ಗೊತ್ತು? ನಿಮ್ಮಾವ ಪಕ್ಕದಾಗೆ ಕೂತ್ಕಂಡು ಎಲ್ಲ ಬಿಡಿಸಿ ಹೇಳಿದ್ರು."

ಕಳೆದ ಬೇಸಿಗೆಯಲ್ಲಿ ನನಗೆ ಆ ಚಿತ್ರ ಇಂಟರ್‌ನೆಟ್ಟಿನಲ್ಲಿ ಸಿಕ್ಕಿಬಿಟ್ಟಿತು! ಹೆಸರು ಗೊತ್ತಿರಲಿಲ್ಲ. ಹೆಂಗಸು, ಕುದುರೆ, ಡ್ರಮ್ಮು ಎಂದು ಟೈಪು ಮಾಡುತ್ತಾ ಮಾಡುತ್ತಾ ಸಿಕ್ಕಿತು. ಬಿಡುಗಡೆಯಾದಾಗ ಎಲ್ಲ ದೇಶಗಳಲ್ಲೂ ನೆಲಕಚ್ಚಿದ ಆ ಚಿತ್ರಕ್ಕೆ ಈಗ ಹೊರದೇಶಗಳಲ್ಲಿ ಭಕ್ತರಿದ್ದಾರಂತೆ. ಬೂಟು, ಕಂಬಳಿ ತೊಟ್ಟು ಒಂದೆಡೆ ಸೇರಿ, ಸಂಭಾಷಣೆಗಳನ್ನು ಒಕ್ಕೊರಲಿನಿಂದ ಹೇಳುತ್ತಾ ನೋಡುತ್ತಾರಂತೆ. ಫೋನು ಮಾಡಿ ಅತ್ತೆಗೆ ಹೇಳಿದೆ.

"ನೋಡ್ದಾ! ನಾನೊಬ್ಳೇ ಅಂದ್ಕಂಡಿದ್ದೆ. ಭಜನಾ ಮಂಡ್ಳೀನೇ ಐತಲ್ಲೋ! ಭಾನುವಾರ ಬಂದ್ಬುಡು. ನೀನು ಇಂಗ್ಲಿಷ್ ಮೇಷ್ಟ್ರು, ಒಂದೊಂದು ಮಾತೂ ಬಿಡ್ದಂಗೆ ಹೇಳ್ಬೇಕು."

ಭಾನುವಾರ ಮಧ್ಯಾಹ್ನ ಹೋದೆ. ಅಂಗಳದಲ್ಲಿ ತೆಂಗಿನಕಾಯಿ ರಾಶಿಯ ಪಕ್ಕದಲ್ಲೇ ಮಾವ ನನ್ನನ್ನು ತಡೆದರು. ಎಂಬತ್ತರ ಹತ್ತಿರದ ಮನುಷ್ಯ, ಪರೀಕ್ಷೆಗೆ ಓದದ ಹುಡುಗನ ಹಾಗೆ ಬೆವೆತಿದ್ದರು.

"ಮಾನ ಕಳೀಬ್ಯಾಡ ಕಣಪ್ಪ. ಆವತ್ತು ನಂಗೆ ಗೊತ್ತಿದ್ದ ಇಂಗ್ಲಿಷು ಎರಡೇ ಮಾತು, ಯಸ್ಸು, ನೋ. ಆ ಬಡ್ಡೀಮಕ್ಳು ಇಡೀ ಪಿಚ್ಚರ್‌ನಾಗೆ ಅವೆರಡನ್ನ ಬಿಟ್ಟು ಮಿಕ್ಕಿದ್ದೆಲ್ಲಾ ಮಾತಾಡಿದ್ರು!"

"ಮತ್ತೆ ಮೈದುನಂದಿರು, ಪಾಲು, ದೊಡ್ಡಪ್ಪನ ಮಗ?"

"ಏನೋ ಒಂದು ಹೇಳ್ಬೇಕಿತ್ತಲ್ಲ! ನಂಗೆ ಗೊತ್ತಿದ್ದ ಜಗಳ ಅದೇ."

ಒಳಗೆ ಕಿಟಕಿಗಳಿಗೆ ಗೋಣಿಚೀಲ ಕಟ್ಟಿ ಕತ್ತಲೆ ಮಾಡಿದ್ದರು. ಟಿವಿಗೆ ಲ್ಯಾಪ್‌ಟಾಪ್ ಸಿಕ್ಕಿಸಿದೆ. ಅತ್ತೆ ಗಂಬೂಟು ತೊಟ್ಟು ಮುಂದೆ ಕೂತರು. ಮಾವ ಅವರ ಬೆನ್ನ ಹಿಂದೆ, ನನಗೆ ಮಾತ್ರ ಕಾಣುವ ಹಾಗೆ. ಆಮೇಲೆ ನಡೆದದ್ದನ್ನು ನನ್ನ ವಿದ್ಯಾರ್ಥಿಗಳು ನೋಡಿದ್ದರೆ ನನ್ನ ಬಳಿ ಪಾಠ ಕೇಳುವುದನ್ನೇ ಬಿಡುತ್ತಿದ್ದರು. ಪರದೆಯ ಮೇಲೆ ಗಾಜುಗಣ್ಣಿನವನು, "ಈ ಊರಲ್ಲಿ ಸಂಗೀತ ಕೇಳಿಸಿದರೆ ನಾಲಿಗೆ ಕತ್ತರಿಸುತ್ತೇನೆ" ಎಂದು ಇಂಗ್ಲಿಷಿನಲ್ಲಿ ಗುಡುಗಿದ. ಮಾವ ಕಣ್ಣಲ್ಲೇ ಬೇಡಿಕೊಂಡರು.

"ಪಾಲು ಕೊಡಲ್ಲ ಅಂತಾನೆ ಅತ್ತೆ" ಎಂದೆ.

"ಗೊತ್ತು ಬುಡು, ಆವತ್ತೂ ಕೊಡ್ಲಿಲ್ಲ."

ಹೀಗೆ ಒಂದು ಗಂಟೆ ದಾಟಿತು. ಡ್ರಮ್ಮು ಬಂದಾಗಲೆಲ್ಲ ಅತ್ತೆಯ ಬೂಟು ನೆಲ ಕುಟ್ಟುತ್ತಿತ್ತು. ಆಮೇಲೆ ಇದ್ದಕ್ಕಿದ್ದಂತೆ ಸಂಗೀತವೆಲ್ಲ ನಿಂತಿತು. ಬಯಲಿನಲ್ಲಿ ಕುದುರೆಯವಳು ಒಬ್ಬಳೇ ಮಂಡಿಯೂರಿ, ಕೈಯಿಂದಲೇ ಮಣ್ಣು ಅಗೆಯುತ್ತಿದ್ದಾಳೆ. ಪಕ್ಕದಲ್ಲಿ ಮೊಳದುದ್ದದ ಒಂದು ಮರದ ಪೆಟ್ಟಿಗೆ. ಅದನ್ನು ಗುಂಡಿಗೆ ಇಳಿಸುತ್ತಾ ಅವಳು ಹೇಳಿದ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು: "ನನ್ನ ಕಂದನಿಗೆ ಇನ್ನು ಯಾವ ಸದ್ದೂ ಕೇಳಿಸುವುದಿಲ್ಲ."

ನಾನು ಬಾಯಿ ತೆರೆಯುವ ಮೊದಲೇ ಮಾವ ಹಿಂದಿನಿಂದ ಮುಂದಕ್ಕೆ ಬಾಗಿದರು. ಒಂದೇ ಉಸಿರಿಗೆ ಹೇಳಿದರು: "ಅದು ಬಿತ್ತನೆ ಬೀಜ ಕಣೇ. ಊರಿಗೆ ಬರ ಬಂದೈತಲ್ಲ, ಪೆಟ್ಗೇಲಿ ಹಾಕಿ ಮುಚ್ಚಿಡ್ತಾವ್ಳೆ. ಮಳೆ ಬಂದ್ಮೇಲೆ ತೆಗೀತಾಳೆ."

ಅತ್ತೆ ಪರದೆಯಿಂದ ಕಣ್ಣು ಕೀಳಲಿಲ್ಲ. "ಹೌದೇನ್ಲಾ?" ಎಂದು ನನ್ನನ್ನು ಕೇಳಿದರು.

"ಹೌದತ್ತೆ. ಬೀಜ" ಎಂದೆ.

ಸಿನಿಮಾ ಮುಗಿಯಿತು. ಖಳನಾಯಕ ಸತ್ತ, ಬಾವಿ ಊರವರದ್ದಾಯಿತು, ಕುದುರೆಯವಳು ಒಬ್ಬಳೇ ಧೂಳಿನಲ್ಲಿ ಸಾಗಿ ಮರೆಯಾದಳು. ಅತ್ತೆ ಕಾಫಿ ಮಾಡಲೆಂದು ಒಳಗೆ ಹೋದರು. ಲೋಟ ಎತ್ತಿಕೊಡಲು ನಾನೂ ಹಿಂದೆಯೇ ಹೋದೆ. ಹಾಲು ಒಲೆಯ ಮೇಲಿಟ್ಟು, ನನ್ನ ಕಡೆ ತಿರುಗದೆ ಅತ್ತೆ ಮೆಲ್ಲಗೆ ಕೇಳಿದರು.

"ಅವ್ಳು ಮಗೂನ ಮಣ್ಣು ಮಾಡ್ದಾಗ ಏನಂದ್ಲು, ನಿಜ ಹೇಳು."

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಅವಳು ಅಂದದ್ದನ್ನು ಹೇಳಿದೆ. ಅತ್ತೆ ತಲೆಯಾಡಿಸಿದರು.

"ಆ ವರ್ಷ ನಮ್ ಕೂಸು ಹೋಗಿತ್ತು ಕಣಪ್ಪ. ಮೂರು ತಿಂಗ್ಳ ಗಂಡು ಕೂಸು. ನೀನಿನ್ನೂ ಹುಟ್ಟಿರ್ಲಿಲ್ಲ. ನಾನು ಮಾತಾಡೋದೇ ಬಿಟ್ಬುಟ್ಟಿದ್ದೆ. ನಿಮ್ಮಾವ ನಗ್ಸಾನ ಅಂತ ಪಿಚ್ಚರ್‌ಗೆ ಕರ್ಕಂಡೋದ್ರು. ಯಾವ ಪಿಚ್ಚರು ಅಂತ ಪಾಪ ಅವರಿಗೂ ಗೊತ್ತಿರ್ಲಿಲ್ಲ. ಒಳಗೆ ಹೋಗಿ ನೋಡಿದ್ರೆ ಇದು!"

"ನಿಮಗೆ ಆವತ್ತೇ..."

"ನಂಗೇನು ಕಣ್ಣಿಲ್ವೇನ್ಲಾ? ಹಂಗಿರೋ ಪೆಟ್ಗೇಲಿ ಯಾವೂರಾಗೆ ಬೀಜ ಇಡ್ತಾರೆ? ಬೀಜ ಅಂತ ಹೇಳ್ವಾಗ ಅವರ ಕೈ ನನ್ ಕೈ ಮ್ಯಾಲಿತ್ತು, ಮಕ ಮಾತ್ರ ಆ ಕಡೀಕೆ ತಿರುಗಿಸ್ಕಂಡಿದ್ರು. ಸುಳ್ಳು ಹೇಳಿ ಅಭ್ಯಾಸ ಇಲ್ದಿರೋ ಮನುಷ್ಯ. ಎದ್ದು ಹೊರಗೆ ಕರ್ಕಂಡು ಹೋಗ್ಬೋದಿತ್ತು, ಅದೂ ತೋಚ್ಲಿಲ್ಲ." ಅತ್ತೆ ಉಕ್ಕುತ್ತಿದ್ದ ಹಾಲನ್ನು ಇಳಿಸಿದರು. "ಎರಡು ತಿಂಗ್ಳಾದ್ಮೇಲೆ ನಾನು ಬಾಯಿ ಬಿಟ್ಟಿದ್ದು ಅವಾಗ್ಲೇ. 'ಮಳೆ ಯಾವಾಗ ಬತ್ತದೆ?' ಅಂತ ಕೇಳ್ದೆ. ಇನ್ನು ನೋಡು, ಆ ಮನುಷ್ಯ ಶುರು ಹಚ್ಕಂಡ್ರು. ಮೈದುನ ಅಂದ್ರು, ಪಾಲು ಅಂದ್ರು, ಪಿಚ್ಚರ್ ಮುಗಿದ್ರೂ ನಿಲ್ಲಿಸ್ಲಿಲ್ಲ. ಬಸ್ಸಿನಾಗೂ ಹೇಳಿದ್ರು. ನಾನು ಕೇಳ್ತಾನೇ ಬಂದೆ."

ಪಡಸಾಲೆಯಿಂದ ಮಾವನ ದನಿ ಬಂತು, ತುಸು ಗಾಬರಿಯಿಂದಲೇ: "ಏನೇ ಅದು, ಇಬ್ರೂ ಅಷ್ಟೊತ್ನಿಂದ ಏನ್ ಮಾತಾಡ್ತಿದ್ದೀರಿ?"

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಕಾಫಿ ಲೋಟ ಹಿಡಿದು ಹೊರಗೆ ಬಂದರು. ಮಾವನ ಕೈಗೆ ಲೋಟ ಕೊಟ್ಟು, ಅವರ ಕಾಲ ಬಳಿ ನೆಲದ ಮೇಲೆ ಕೂತರು.

"ಏನಿಲ್ಲ ಕಣ್ರೀ. ಆ ಹೆಣ್ಮಗ್ಳು ಕೊನೇಲಿ ಕುದ್ರೆ ಹತ್ತಿ ಎಲ್ಲಿಗೆ ಹೋದ್ಲು ಅಂತ ಇವನು ಕೇಳ್ತಾವ್ನೆ. ಇವನ ಇಂಗ್ಲಿಷಿಗೆ ಅದು ಅರ್ಥ ಆಗ್ಲಿಲ್ವಂತೆ. ನೀವೇ ಹೇಳಿ."

ಮಾವ ನನ್ನ ಮುಖ ನೋಡಿದರು. ಆಮೇಲೆ ಅತ್ತೆಯ ಮುಖ ನೋಡಿದರು. ಒಂದು ಗುಟುಕು ಕಾಫಿ ಕುಡಿದು ಗಂಟಲು ಸರಿಮಾಡಿಕೊಂಡರು.

"ಇನ್ನೆಲ್ಲಿಗೆ ಹೋಗ್ತಾಳಪ್ಪ? ತವರಿಗೆ. ಅಲ್ಲಿ ಅವರಪ್ಪಂದು ಒಂದು ತೋಟ ಐತೆ..."

ಅತ್ತೆ ಗಲ್ಲಕ್ಕೆ ಕೈಕೊಟ್ಟು, "ಹ್ಞೂಂ, ಆಮೇಲೆ?" ಎಂದರು.