ಶೀಶೆಯೊಳಗಿನ ಟೈಪಿಸ್ಟ್

ಹೆಂಡತಿ: ಹಾಲು ಸೀದು ಮನೆಯೆಲ್ಲ ಹೊಗೆ ಡಾಕ್ಟ್ರೇ! ಇವರು ಒಲೆ ಪಕ್ಕದಲ್ಲೇ ಪೇಪರ್ ಹಿಡ್ಕೊಂಡು ಕೂತೇ ಇದ್ರು.

ಗಂಡ: ನೀನೂ ಅಲ್ಲೇ ಇದ್ದೆಯಲ್ಲ. ಬೇಕೂಂತಲೇ ಸೀಯಿಸ್ತಿದೀಯ ಅಂದ್ಕೊಂಡೆ. ನಿನ್ನ ವ್ಯವಹಾರಕ್ಕೆ ನಾನ್ಯಾಕೆ ತಲೆ ಹಾಕ್ಲಿ?

ಹೆಂಡತಿ: ವಾಸನೆ ಹೋದ್ರೆ ಮುಂದೆ ನೆನಪೂ ಹೋಗಬಹುದು ಅಂತ ಓದಿದೀನಿ ಕಣ್ರೀ!

ಜಗಳದ ದನಿಯಲ್ಲೇ ಹೇಳಿದಳು, ಆದರೆ ಒಳಗೊಳಗೇ ಜೀವ ಹಾರಿಹೋಗಿತ್ತು. ರಿಟೈರಾಗಿ ವರ್ಷಗಳಾದ ಈ ಮನುಷ್ಯ ನಾಳೆ ತನ್ನನ್ನೇ 'ಯಾರಮ್ಮ ನೀವು' ಅಂದುಬಿಟ್ಟರೆ? ಮೂಗಿನ ಡಾಕ್ಟರು ಪುಟ್ಟ ಶೀಶೆಯೊಂದನ್ನು ಗಂಡನ ಮೂಗಿನ ಕೆಳಗೆ ಹಿಡಿದರು.

ಡಾಕ್ಟರ್: ಕಣ್ಣು ಮುಚ್ಚಿ. ಏನಿದು?

ಗಂಡ: ಹಲ್ಲುನೋವು.

ಹೆಂಡತಿ: ಅಯ್ಯೋ, ಕೆಟ್ಟೆ!

ಡಾಕ್ಟರ್: ತಾಳೀಮ್ಮ. ಲವಂಗದೆಣ್ಣೆ, ಸರಿಯಾಗೇ ಹೇಳಿದ್ರು. ಇದು?

ಗಂಡ: ನಮ್ಮ ಮಾವ.

ಹೆಂಡತಿ: ನಮ್ಮಪ್ಪನ್ನ ಯಾಕ್ರೀ ಶೀಶೆಗೆ ಹಾಕ್ತೀರಿ?

ಗಂಡ: ನುಸಿಗುಳಿಗೆ ಕಣೇ! ಅವರ ಕೋಟಿನ ತುಂಬ ಅದೇ. ಒಂದ್ಸಲ ತಬ್ಕೊಂಡ್ರು ನೋಡು, ಇವತ್ತಿನವರೆಗೂ ನನ್ನ ಹತ್ರ ಒಂದು ನುಸಿ ಸುಳಿದಿಲ್ಲ.

ಡಾಕ್ಟರ್: ಭೇಷ್. ಇದು?

ಗಂಡ: (ಮುಖ ಅರಳಿಸಿ) ಆಹಾ... ನಮ್ಮ ಆಫೀಸಿನ ಮೂಲೆ ಮೇಜಿನ ಟೈಪಿಸ್ಟ್!

ಡಾಕ್ಟರ್: ಗುಲಾಬಿ ಅತ್ತರು. ಮೂಗು, ನೆನಪು ಎರಡೂ ಗಟ್ಟಿ.

ಹೆಂಡತಿ: ಯಾವ ಟೈಪಿಸ್ಟು?

ಗಂಡ: ಡಾಕ್ಟ್ರೇ, ನೆನಪು ಸ್ವಲ್ಪ ಕೈಕೊಡ್ತಿದೆ ಅಂತಾನೇ ಬರ್ಕೊಂಡುಬಿಡಿ.

ಆಕೆ ಶೀಶೆ ಕಿತ್ತುಕೊಂಡು ಸೊರ್ರನೆ ಮೂಸಿದಳು.

ಹೆಂಡತಿ: ಖಾಲಿ ಶೀಶೆ! ಇದ್ರಲ್ಲೇನು ಟೈಪಿಸ್ಟು, ಮಣ್ಣು?

ಡಾಕ್ಟರು ಶೀಶೆ ವಾಪಸ್ ಪಡೆದು ತಾವೂ ಮೂಸಿದರು, ಗುಲಾಬಿ ಘಮ್ಮೆಂದಿತು.

ಡಾಕ್ಟರ್: ಅಮ್ಮ, ನಿಮಗೆ ಇತ್ತೀಚೆಗೆ ನೆಗಡಿ ಆಗಿತ್ತಾ?

ಹೆಂಡತಿ: ಹೋದ ತಿಂಗಳು ಜೋರಾಗಿತ್ತು. ಯಾಕೆ...

ಆಗ ಆಕೆಗೆ ಹೊಳೆಯಿತು. ಹಾಲು ಸೀದ ವಾಸನೆ ತನಗೇ ಗೊತ್ತಾಗಿರಲಿಲ್ಲ. ಹೊಗೆ ಕಣ್ಣಿಗೆ ಬಿದ್ದ ಮೇಲೇ ಒಲೆ ಆರಿಸಿದ್ದಳು. ಗಂಡ ಎದ್ದು ಆಕೆಯನ್ನು ತನ್ನ ಕುರ್ಚಿಯಲ್ಲಿ ಕೂರಿಸಿದ.

ಹೆಂಡತಿ: ಅಂದ್ರೆ... ನಾನು ಎಲ್ಲಾ ಮರ್ತುಬಿಡ್ತೀನಾ?

ಡಾಕ್ಟರ್: ಛೆ! ನೆಗಡಿಯಿಂದಲೂ ವಾಸನೆ ಹೋಗತ್ತೆ, ವಯಸ್ಸಿನಿಂದಲೂ ಹೋಗತ್ತೆ. ಅಷ್ಟಕ್ಕೇ ಮಿದುಳು ಕೆಟ್ಟಿತು ಅಂತಲ್ಲ. ಪರೀಕ್ಷೆ ಮಾಡೋಣ. ಅಲ್ಲೀತನಕ ದಿನಾ ನಾಲ್ಕು ಬಗೆ ವಾಸನೆ ಮೂಸಿ ಅಭ್ಯಾಸ ಮಾಡಿ.

ಗಂಡ: ನಾನೇ ಕೂತು ಮೂಸಿಸ್ತೀನಿ.

ಆಕೆ ಅವನ ಕೈ ಬಿಗಿಯಾಗಿ ಹಿಡಿದುಕೊಂಡಳು. ಅವನು ಡಾಕ್ಟರ ಕಿವಿಯತ್ತ ಬಾಗಿದ.

ಗಂಡ: ಅಕಸ್ಮಾತ್ ಇವಳಿಗೆ ಮರೆವು ಶುರುವಾದ್ರೆ, ಆ ಟೈಪಿಸ್ಟ್ ವಿಷಯ ಮೊದಲು ಮರೀತಾಳಾ?

ಡಾಕ್ಟರ್: ಅದನ್ನ ಮರೆಸೋ ಕಾಯಿಲೆ ಇನ್ನೂ ಹುಟ್ಟಿಲ್ಲ ಸ್ವಾಮಿ.