ಕೊಬ್ಬರಿ ಅಟ್ಟದ ಜಾಝ್ ಜಗಳ

ನಮ್ಮ ಸೋದರಮಾವನಿಗೆ ತಲೆ ಸರಿಯಿಲ್ಲ ಎಂದು ಊರವರು ಹೇಳುವುದು ಶುದ್ಧ ಸುಳ್ಳು. ತಲೆ ಸರಿಯಾಗಿಯೇ ಇದೆ. ಅದರ ತುಂಬ ಜಾಝ್ ಸಂಗೀತವೇ ಕೂತಿರುವುದರಿಂದ ಬೇರೆಯದಕ್ಕೆ ಜಾಗವಿಲ್ಲ, ಅಷ್ಟೆ!

ಮಾಯಸಂದ್ರದ ಸುತ್ತಮುತ್ತ ಮದುವೆ ಮೆರವಣಿಗೆಗಳಲ್ಲಿ ಸ್ಯಾಕ್ಸೋಫೋನ್ ನುಡಿಸುವ ಮನುಷ್ಯ ಇವರು. ಅದೇ ಬ್ಯಾಂಡ್‌ಸೆಟ್ಟಿನ ಡ್ರಮ್ಮು ಕಂದಿಕೆರೆಯ ಗಂಗಣ್ಣನದು. ಇಬ್ಬರೂ ಸೇರಿ ವಾರಕ್ಕೊಂದು ಜಾಝ್ ಆಲ್ಬಂ ಕೇಳಿ, ವಿಮರ್ಶೆ ಮಾಡಿ, ಪಾಡ್‌ಕಾಸ್ಟ್ ಬಿಡುತ್ತಾರೆ. ಸ್ಟುಡಿಯೋ ಎಲ್ಲಿ ಅಂತೀರಿ? ಕೊಬ್ಬರಿ ಅಟ್ಟ! ಸುತ್ತಲೂ ಒಣಗಲು ಹಾಕಿದ ತೆಂಗಿನಕಾಯಿ ರಾಶಿ, ನಡುವೆ ಮೈಕು. ಕೊಬ್ಬರಿ ರೇಟು ಏರಿದಾಗ ಮಾರಿಬಿಡಿ ಎಂದು ಅತ್ತೆ ಎಷ್ಟು ಬೇಡಿದರೂ ಮಾವ ಜಗ್ಗಲಿಲ್ಲ.

"ಕಾಯಿ ಖಾಲಿಯಾದ್ರೆ ದನಿ ಗುಂಯ್ ಅಂತೈತೆ ಕಣೇ. ರೇಟು ಇಳೀಲಿ ಬುಡು!"

ಮಾವ ಹೊಗಳಿದ್ದನ್ನೆಲ್ಲ ತೆಗಳುವುದು ಗಂಗಣ್ಣನ ಕೆಲಸ. ಅವನ ಅಳತೆಗೋಲು ಒಂದೇ: ಇದನ್ನು ಮದುವೆಯಲ್ಲಿ ನುಡಿಸಬಹುದೆ?

"ಇಷ್ಟುದ್ದ ಸೋಲೋ ಊದ್ತಾ ನಿಂತ್ರೆ, ಗಂಡು ಚಪ್ಪರಕ್ಕೆ ಬರೋ ಹೊತ್ಗೆ ಮುಹೂರ್ತ ಮುಗ್ದು ಊಟಾನೂ ಖಾಲಿಯಾಗಿರ್ತೈತೆ ಕಣ್ಲಾ!"

"ನಿಂಗೆ ಯಾವಾಗ್ಲೂ ಊಟದ್ದೇ ಚಿಂತೆ, ಹೋಗ್ಲಾ!"

ಕೇಳುಗರು ಆಲ್ಬಂ ಮರೆತು ಈ ಜಗಳಕ್ಕೇ ಕಾಯುತ್ತಿದ್ದರು.

ಹೋದ ವರ್ಷ ಗಂಗಣ್ಣನಿಗೆ ಲಕ್ವ ಹೊಡೆಯಿತು. ಬಲಗೈಯೂ ಹೋಯಿತು, ಮಾತೂ ಹೋಯಿತು. ಬೇರೆ ಯಾರನ್ನಾದರೂ ಕೂರಿಸಿಕೊಳ್ಳಿ ಎಂದು ಎಲ್ಲರೂ ಹೇಳಿದರು. ನಾನೂ ಹೇಳಿದೆ. ಮಾವ ಕೆಂಡಾಮಂಡಲವಾದರು.

"ಹೋಗಿರೋದು ಮಾತು. ಅವನ ಕಿವಿ ನೆಟ್ಟಗೈತೆ!"

ಗಂಗಣ್ಣ ಅಟ್ಟ ಹತ್ತುವಂತಿರಲಿಲ್ಲ. ಮಾವ ಮೈಕನ್ನೇ ಬ್ಯಾಗಿಗೆ ಹಾಕಿಕೊಂಡು ಕಂದಿಕೆರೆಗೆ ಹೊರಟರು. ನಾನು ಸ್ಪೀಕರ್ ಹೊತ್ತು ಹಿಂದೆ ಹೋದೆ. ಮಂಚದ ಪಕ್ಕ ಕೂತು ಆಲ್ಬಂ ಕೇಳಿಸಿದರು, ಬಾಯಿ ತುಂಬ ಹೊಗಳಿದರು, ಆಮೇಲೆ ಗೆಳೆಯನ ಮುಂದೆ ಮೈಕು ಹಿಡಿದು ಕಾದರು. ಗಂಗಣ್ಣನ ತುಟಿ ಅಲುಗಿತು, ಮಾತು ಹೊರಡಲಿಲ್ಲ. ಅವನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅವ್ರ ಕೈಲಿ ಆಗಲ್ಲ, ಬುಡಣ್ಣ."

"ಸುಮ್ನಿದ್ರೂ ಇವನು ಹೇಳ್ತಿರೋದು ತಪ್ಪೇ ಕಣಮ್ಮ!" ಮಾವ ಸಿಡಿದೆದ್ದರು. "ಲೇ, ನಿಂಗೆ ಸಂಗೀತ ಏನ್ಲಾ ಗೊತ್ತು?"

ಕಾಯಿಲೆಯವನನ್ನು ಹೀಗೆ ಬೈಯುವುದೆ? ನಾನು ತಡೆಯಲು ಹೋದೆ. ಅಷ್ಟರಲ್ಲಿ ಗಂಗಣ್ಣನ ಎಡಗೈ ಮಂಚದ ಪಟ್ಟಿಯ ಮೇಲೆ ದಬದಬ ಬಡಿಯತೊಡಗಿತು. ಮಾವ ಬೈದಷ್ಟೂ ಬಡಿತ ಜೋರಾಯಿತು. ಗಂಗಣ್ಣನ ಕಣ್ಣಲ್ಲಿ ಹಳೆಯ ಸಿಟ್ಟು ಪೂರ್ತಿ ಬಂದಿತ್ತು!

ಪಾಡ್‌ಕಾಸ್ಟ್ ಎಡಿಟ್ ಮಾಡುವವನು ನಾನೇ. ಆ ಸದ್ದು ತೆಗೆಯಲೇ ಎಂದು ವಾಪಸು ಬರುವಾಗ ಬಸ್‌ಸ್ಟಾಪಿನಲ್ಲಿ ಮಾವನನ್ನು ಕೇಳಿದೆ.

"ಒಂದು ಏಟೂ ಮುಟ್ಟಬ್ಯಾಡ. ಅದೇ ಅವನ ವಿಮರ್ಶೆ." ಮಾವನ ಕಣ್ಣು ತುಂಬಿ ಹರಿಯುತ್ತಿತ್ತು. "ಈ ಸಲ ಅವನು ಹೇಳಿದ್ದೇ ಸರಿ ಕಣ್ಲಾ. ಅವನಿಗೆ ಮಾತ್ರ ಹೇಳ್ಬ್ಯಾಡ. ಬರೋ ವಾರ ಜಗಳ ಆಡ್ಬೇಕು."